ಪಾವ ಒಂಬತ್ತು ತಿ

ನನ್ನ ಕಣ್ಣಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಕಣ್ಣು ಚೆಲುವಾಗಿದೆ ಅಂತ ಅಲ್ಲ. ಆ ಆರೋಪವನ್ನು ನನ್ನ ಹೆಂಡತಿ ಕೂಡ ಇದುವರೆಗೆ ನನ್ನ ಮೇಲೆ ಹೊರಿಸಿಲ್ಲ. ಎಲ್ಲಾದರೂ ಅಕ್ಷರ ತಪ್ಪಿದ್ದರೆ ಅದು ತಾನಾಗಿ ಬಂದು ನನ್ನ ಕಣ್ಣಿಗೆ ಬೀಳುತ್ತದೆ ಎನ್ನುವ ಜಂಬ. ಮದುವೆಗೆ ಹೋದರೆ ಊಟದ ಎಲೆಗಿಂತ ಮೊದಲು ನಾನು ನೋಡುವುದು ಛತ್ರದ ಬಾಗಿಲಲ್ಲಿ ಗಂಡು ಹೆಣ್ಣಿನ ಹೆಸರು ಬರೆದ ಫಲಕವನ್ನು. ಹಲಸೂರಿನಿಂದ ಇಂದಿರಾನಗರದವರೆಗೆ ಸಂಜೆ ನಡೆದುಕೊಂಡು ಹೋದೆನೆಂದರೆ, ಯಾವ ಬೋರ್ಡಿನಲ್ಲಿ ಒತ್ತು ಕಳಚಿ ಬಿದ್ದಿದೆ, ಯಾವ ಫ್ಲೆಕ್ಸಿನಲ್ಲಿ ದೀರ್ಘ ಹಾರಿಹೋಗಿದೆ, ಎಲ್ಲದರ ವರದಿಯೂ ತಲೆಯಲ್ಲಿ ಸಿದ್ಧವಾಗಿರುತ್ತದೆ. ಆರೋಗ್ಯಕ್ಕೆ ಒಳ್ಳೆಯದು, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆದಷ್ಟೂ ನನ್ನ ರಕ್ತದೊತ್ತಡ ಯಾಕೆ ಏರುತ್ತಿದೆ ಎಂದು ಪಾಪ ಅವರಿಗೆ ಈಗಲೂ ಗೊತ್ತಾಗಿಲ್ಲ.

ಹೀಗೆ ಊರವರ ತಪ್ಪುಗಳನ್ನೆಲ್ಲ ಹೆಕ್ಕಿಕೊಂಡು ಓಡಾಡುತ್ತಿದ್ದ ನಾನು ಎಷ್ಟೋ ವರ್ಷಗಳಿಂದ ಒಂದೇ ತಪ್ಪನ್ನು ದಿನಕ್ಕೆ ಹತ್ತು ಸಲ ಮಾಡುತ್ತ ಬಂದಿದ್ದೆ. ಅದನ್ನು ಹಿಡಿದವಳು ಕಣ್ಣು ಕಾಣದ ನನ್ನ ಅಕ್ಕ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗಬೇಕಿತ್ತು. ಯಾಕೋ ಹೆಮ್ಮೆಯಾಗುತ್ತಿದೆ. ಹೆಮ್ಮೆ ಬಂದಾಗ ಸುಮ್ಮನಿರುವ ಜಾಯಮಾನ ನನ್ನದಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಹಲಸೂರಿನ ಬಜಾರಿನ ಹಿಂದಿನ ಸಂದಿಯಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಮದುವೆಯ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಜಾತಕ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಯಾವುದು ಬಂದರೂ ಟೈಪು ಮಾಡಿ ಕೊಡುತ್ತೇನೆ. ಈ ಕಸುಬಿಗೆ ಬಿದ್ದದ್ದು ಹದಿನೇಳನೆಯ ವಯಸ್ಸಿನಲ್ಲಿ, ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುವವನಾಗಿ. ಒಂದೊಂದು ಅಕ್ಷರಕ್ಕೆ ಒಂದೊಂದು ಮೊಳೆ, ಒಂದೊಂದು ಮೊಳೆಗೆ ಒಂದೊಂದು ಖಾನೆ. ಇಂಗ್ಲಿಷಿನ ಖಾನೆಗಳು ಕಿಟಕಿಯ ಪಕ್ಕದ ಒಂದು ಮೂಲೆಯಲ್ಲಿ ಮುಗಿದುಹೋಗುತ್ತಿದ್ದವು. ಕನ್ನಡದ ಖಾನೆಗಳು ಒಂದು ಇಡೀ ಗೋಡೆಯನ್ನು ತುಂಬಿಕೊಂಡಿದ್ದವು. ಕಾಗುಣಿತ ಒಂದು ಕಡೆ, ಒತ್ತುಗಳು ಇನ್ನೊಂದು ಕಡೆ, ಅಪರೂಪಕ್ಕೆ ಬೇಕಾಗುವ ಅಕ್ಷರಗಳು ಏಣಿ ಹತ್ತಿ ತೆಗೆಯುವಷ್ಟು ಮೇಲೆ. ಆ ಗೋಡೆಯ ಮುಂದೆ ನಿಂತು ನಾನು ಬೆವರಿದ್ದೂ ಉಂಟು, ಎದೆಯುಬ್ಬಿಸಿದ್ದೂ ಉಂಟು. ಇಷ್ಟು ಖಾನೆ ಬೇಕಾಗುವ ಭಾಷೆ ನನ್ನದು ಎಂದರೆ ಸಾಮಾನ್ಯವೇ!

ಇಂಗ್ಲಿಷಿನ ಅಕ್ಷರಗಳು ಪಡಿತರದಂಗಡಿಯ ಮುಂದೆ ನಿಂತ ಹಾಗೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ನಮ್ಮದು ಹಾಗಲ್ಲ, ಒಟ್ಟು ಕುಟುಂಬ. ಒಬ್ಬನ ತಲೆಯ ಮೇಲೆ ಇನ್ನೊಬ್ಬನ ಗುಡಿಸು, ಇವನ ಕಾಲ ಕೆಳಗೆ ಅವನ ಒತ್ತು, ಪಕ್ಕದಲ್ಲಿ ದೀರ್ಘ ಎಳೆದುಕೊಂಡು ಕೂತ ಅಜ್ಜಿ. ಹೊರಗಿನವರಿಗೆ ಗಲಾಟೆ ಅನ್ನಿಸಬಹುದು. ಒಳಗಿದ್ದವರಿಗೆ ಯಾರು ಎಲ್ಲಿ ಕೂರಬೇಕು ಎಂದು ಚೆನ್ನಾಗಿ ಗೊತ್ತಿರುತ್ತದೆ.

ಈ ಕುಟುಂಬದಲ್ಲಿ ಒಬ್ಬ ಮಾತ್ರ ತರಲೆ. ಅವನ ಹೆಸರು ಅರ್ಕಾವತ್ತು. ಸೂರ್ಯ ಎನ್ನುವಾಗ ಬಾಯಲ್ಲಿ ಮೊದಲು ಬರುವುದು ರಕಾರ, ಆಮೇಲೆ ಯಕಾರ. ಬರೆಯಲು ಹೊರಟರೆ ಯಕಾರ ಮೊದಲೇ ಬಂದು ಆಸನ ಹಿಡಿದಿರುತ್ತದೆ. ರಕಾರ ಹಿಂದಿನಿಂದ ಬಂದು ಅದರ ಬೆನ್ನಿಗೆ ಸಣ್ಣ ಕೊಕ್ಕೆಯಾಗಿ ನೇತುಬೀಳುತ್ತದೆ. ಅರ್ಕ ಎಂದರೆ ಸೂರ್ಯ, ಆ ಪದದಲ್ಲಿ ಈ ಒತ್ತು ಇರುವುದರಿಂದ ಅದಕ್ಕೆ ಅರ್ಕಾವತ್ತು ಎಂಬ ಹೆಸರು ಬಂತು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ನಿಜವೋ ಸುಳ್ಳೋ ಗೊತ್ತಿಲ್ಲ. ಹಳೆಯ ಶಾಸನಗಳಲ್ಲಿ ರಕಾರ ತನ್ನ ಜಾಗದಲ್ಲೇ ಗಟ್ಟಿಯಾಗಿ ನಿಂತು, ಮುಂದಿನ ಅಕ್ಷರವನ್ನು ಕಾಲಡಿ ಇಟ್ಟುಕೊಳ್ಳುತ್ತಿದ್ದದ್ದೂ ಉಂಟಂತೆ. ನಡುವೆ ಯಾವಾಗಲೋ ಅದಕ್ಕೆ ವಿನಯ ಬಂದು ಹಿಂದೆ ಸರಿದಿರಬೇಕು. ಇಂಥ ವಿನಯ ಇನ್ನಾವ ಲಿಪಿಗೂ ಇಲ್ಲ ಎಂದು ನಾನು ಒಮ್ಮೆ ಕೊಚ್ಚಿಕೊಂಡಾಗ ಅಕ್ಕನ ಮೊಮ್ಮಗಳು ನಿತ್ಯ, "ಹಿಂದೀಲೂ ಇದೆ ತಾತ, ಅಲ್ಲಿ ತಲೆ ಮೇಲೆ ಹತ್ತಿ ಕೂರತ್ತೆ" ಎಂದು ಗಾಳಿ ತೆಗೆದಳು. ತಲೆಯ ಮೇಲೆ ಹತ್ತಿ ಕೂರುವುದಕ್ಕೂ ಬೆನ್ನ ಹಿಂದೆ ನಿಲ್ಲುವುದಕ್ಕೂ ವ್ಯತ್ಯಾಸವಿಲ್ಲವೇ ಎಂದು ನಾನು ಮಾತು ಮುಗಿಸಿದೆ.

ಈ ತರಲೆಯನ್ನು ನನಗೆ ಕಲಿಸಿದವಳೇ ಅಕ್ಕ. ಕೃಷ್ಣರಾಜಪುರದಾಚೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ಹೆಸರು ಪಾರ್ವತಿ. ಆದರೆ ಊರಲ್ಲಿ ಯಾರ ನಾಲಿಗೆಯೂ ಆ ರಕಾರವನ್ನು ಗಂಟುಹಾಕುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಅವ್ವನಿಗೆ ಅವಳು ಪಾರೋತಿ, ಅಪ್ಪನಿಗೆ ಪಾರಿ, ಬೀದಿಯವರಿಗೆ ಪಾರಮ್ಮ. ಶಾಲೆಯಲ್ಲಿ ತನ್ನ ಹೆಸರನ್ನು ಬರೆಯಲು ಕಲಿತ ದಿನ ಅವಳು ಅದನ್ನು ಮನೆಯ ಗೋಡೆ, ಕಣಜ, ಕೊನೆಗೆ ಎಮ್ಮೆಯ ಬೆನ್ನಿನ ಮೇಲೂ ಸುಣ್ಣದಲ್ಲಿ ಬರೆದಳಂತೆ, ಅರ್ಕಾವತ್ತಿನ ಸಮೇತ. ಅಲ್ಲಿಂದಾಚೆ ಪಾರೋತಿ ಎಂದು ಕರೆದರೆ ಓಗೊಡುತ್ತಿರಲಿಲ್ಲ. "ನನ್ನ ಹೆಸರಿಗೆ ಒಂದು ಕೊಕ್ಕೆ ಐತೆ, ಅದನ್ನ ಬಿಟ್ಟು ಕರೀಬೇಡಿ" ಎನ್ನುವುದು ಅವಳ ಹಟ. ನನಗೆ ಅಕ್ಷರ ತಿದ್ದಿಸುವ ಕೆಲಸ ಅವಳ ಪಾಲಿಗೆ ಬಂದಾಗ ಅವಳು ಸ್ಲೇಟಿನ ಮೇಲೆ ಬರೆಸಿದ ಮೊದಲ ಹೆಸರು ನನ್ನದಲ್ಲ, ಅವಳದು. ಮುನಿರಾಜು ಎಂಬ ನನ್ನ ಹೆಸರಿನಲ್ಲಿ ಒತ್ತೇ ಇಲ್ಲ, ಅದರಲ್ಲಿ ಕಲಿಯುವುದೇನಿದೆ ಎಂದು ಅವಳ ವಾದ. "ಬಾಯಿಗೆ ಮೊದ್ಲು, ಕೈಗೆ ಕೊನೆ" ಎಂದು ನನ್ನ ಬೆರಳು ಹಿಡಿದು ಕೊಕ್ಕೆ ಹಾಕಿಸುತ್ತಿದ್ದಳು.

ಮೊಳೆಗಳ ಕಾಲದಲ್ಲಿ ಆ ಪಾಠ ನನ್ನನ್ನು ಕೈಬಿಡಲಿಲ್ಲ. ಕೊಕ್ಕೆಗೆ ಬೇರೆ ಮೊಳೆ ಇತ್ತು. ಅಕ್ಷರ ಇಟ್ಟು ಅದರ ಹಿಂದೆ ಕೊಕ್ಕೆ ಇಟ್ಟರೆ ಆಯಿತು. ಆಮೇಲೆ ಮೊಳೆ ಹೋಗಿ ಕಂಪ್ಯೂಟರ್ ಬಂತು. ಆಗಿನ ಫಾಂಟುಗಳು ಮೊಳೆಗಳ ತಮ್ಮಂದಿರೇ. ಕಂಡದ್ದನ್ನು ಕಂಡ ಹಾಗೆ ಒತ್ತುವುದು: ಮೊದಲು ಯ, ಆಮೇಲೆ ಕೊಕ್ಕೆಯ ಕೀಲಿ. ಆ ಫಾಂಟಿಗೆ ಒಂದೇ ಒಂದು ಕಾಯಿಲೆ. ನಮ್ಮ ಅಂಗಡಿಯಲ್ಲಿ ಸುಲಲಿತ ಕನ್ನಡವಾಗಿದ್ದದ್ದು, ಅದೇ ಫಾಂಟಿಲ್ಲದ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಟೋಪಿ ಹಾಕಿದ, ಬಾಲ ಬೆಳೆಸಿದ ಇಂಗ್ಲಿಷ್ ಅಕ್ಷರಗಳ ದಂಡಾಗಿಬಿಡುತ್ತಿತ್ತು. ಒಮ್ಮೆ ಪುಲಿಕೇಶಿನಗರದ ಒಬ್ಬರಿಗೆ ಅವರ ಮಗಳ ಮದುವೆಯ ಕರೆಯೋಲೆಯನ್ನು ಕಳಿಸಿದೆ. "ಮುನಿರಾಜು ಅವರೇ, ಇದೇನು ಬೈಗುಳಾನಾ?" ಎಂದು ಫೋನ್ ಮಾಡಿದರು.

ಆ ಕಾಯಿಲೆಗೆ ಮದ್ದಾಗಿ ಯೂನಿಕೋಡ್ ಬಂತು. ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದು ಖಾಯಂ ನಂಬರು. ಯಾವ ಊರಿಗೆ ಹೋದರೂ ಕ ಎಂದರೆ ಕ. ಒಳ್ಳೆಯದೇ. ಆದರೆ ಅದು ನನ್ನಂಥವರ ಕಸುಬನ್ನು ತಲೆಕೆಳಗು ಮಾಡಿತು. ಇನ್ನು ಮೇಲೆ ಕಂಡ ಹಾಗೆ ಒತ್ತಬೇಡ, ಕೇಳಿದ ಹಾಗೆ ಒತ್ತು ಎಂದಿತು. ಸೂರ್ಯನಿಗೆ ಮೊದಲು ರ ಒತ್ತಬೇಕು, ಆಮೇಲೆ ಯ. ಅದನ್ನು ಕೊಕ್ಕೆ ಮಾಡಿ ಹಿಂದಕ್ಕೆ ತೂಗುಹಾಕುವುದು ಫಾಂಟಿನ ಕೆಲಸ, ನಿನಗ್ಯಾಕೆ ಅಂತ. ನಲವತ್ತು ವರ್ಷ ಪ್ರತಿ ಕೊಕ್ಕೆಯನ್ನೂ ಕೈಯಾರೆ ಸಿಕ್ಕಿಸಿದವನಿಗೆ ಈ ಮಾತು! ಅದೂ ಸಾಲದೆಂದು ಕಾಣದ ಅಕ್ಷರ ಬೇರೆ. ರ‍್ಯಾಂಕ್ ಎಂದು ಬರೆಯ ಹೋದರೆ ಫಾಂಟಿನ ಅತಿ ಬುದ್ಧಿವಂತಿಕೆಯಲ್ಲಿ ರಕಾರ ಕೊಕ್ಕೆಯಾಗಿ ಹಿಂದೆ ಓಡುತ್ತದೆ. ಅದನ್ನು ತಡೆಯಲು ನಡುವೆ ಒಂದು ಅಕ್ಷರ ಒತ್ತಬೇಕು. ಆ ಅಕ್ಷರಕ್ಕೆ ಆಕಾರವಿಲ್ಲ, ಶಬ್ದವಿಲ್ಲ, ಶಾಯಿಯಲ್ಲೂ ಮೂಡುವುದಿಲ್ಲ. ಇದೆ ಎಂದು ನಂಬಬೇಕು, ಅಷ್ಟೇ. ನಾನು ಮನೆದೇವರನ್ನೇ ಆಗಾಗ ಅನುಮಾನಿಸುವವನು.

ನನ್ನ ಎದುರಂಗಡಿಯ ಇಕ್ಬಾಲ್ ಭಾಯ್ ಇದನ್ನೆಲ್ಲ ಕೇಳಿ ನಗುತ್ತಾರೆ. ಅವರು ಮೊದಲು ಉರ್ದುವನ್ನು ಬಿದಿರಿನ ಲೇಖನಿಯಲ್ಲಿ ಕೈಬರಹವಾಗಿ ಬರೆಯುತ್ತಿದ್ದವರು, ಈಗ ನನ್ನ ಹಾಗೆಯೇ ಕೀಲಿ ಒತ್ತುವವರು. "ನಿಮ್ಮದೊಂದು ಅಕ್ಷರ ಹಿಂದೆ ಹೋಗ್ತದೆ ಅಂತ ಅಳ್ತೀರಲ್ಲ ಮುನಿರಾಜ್ ಸಾಬ್, ನಮ್ದು ನೋಡಿ, ಎಲ್ಲಾ ಅಕ್ಷರನೂ ಪಕ್ಕದೋನ್ ಮುಖ ನೋಡ್ಕಂಡು ತನ್ ಮುಖ ಬದಲಾಯಿಸ್ತದೆ" ಎನ್ನುತ್ತಾರೆ. ಅವರ ಲಿಪಿ ಬಲಗಡೆಯಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಅದನ್ನು ಕಂಪ್ಯೂಟರಿಗೆ ಕಲಿಸಲು ಫಾಂಟು ಮಾಡುವವರು ಪಟ್ಟ ಪಾಡು ಅವರಿಗೆ ಬಾಯಿಪಾಠ. ತಮಿಳಿನವರು ಮಾತ್ರ ಜಾಣರು, ಅಕ್ಷರದ ಮೇಲೊಂದು ಚುಕ್ಕಿ ಇಟ್ಟು ಒತ್ತಿನ ಸಹವಾಸವನ್ನೇ ಬಿಟ್ಟುಬಿಟ್ಟರು ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ನಮ್ಮ ಸಂದಿಯಲ್ಲಿ ಈ ಮೂರೂ ಲಿಪಿಯ ಕರೆಯೋಲೆಗಳು ಒಂದೇ ಹಗ್ಗದಲ್ಲಿ ನೇತಾಡುತ್ತವೆ. ಅದನ್ನು ನೋಡುವಾಗಲೆಲ್ಲ ನನಗೆ ಈ ಸಂದಿಯ ಮೇಲೆ ಅಭಿಮಾನ ಉಕ್ಕಿ ಬರುತ್ತದೆ.

ಹೊಸ ಕೀಲಿಮಣೆಯಲ್ಲಿ ನನ್ನ ಹಳೆಯ ಕೊಕ್ಕೆಯ ಕೀಲಿ ಇರಲಿಲ್ಲ. ಕಾಣೆಯಾದ ಎಮ್ಮೆಯನ್ನು ಹುಡುಕುವ ಹಾಗೆ ಹುಡುಕಿದೆ. ಹುಡುಕುತ್ತ ಹುಡುಕುತ್ತ ಅಂಕಿಗಳ ಸಾಲಿನಲ್ಲಿ ಕೊನೆಗೂ ಸಿಕ್ಕಿತು. ಅದೇ ಕೊಕ್ಕೆ, ಅದೇ ಬಳುಕು: ೯. ಹೌದು, ಕನ್ನಡದ ಒಂಬತ್ತು. ವ ಬರೆದು ಪಕ್ಕದಲ್ಲಿ ೯ ಒತ್ತಿದರೆ ಅಪ್ಪಟ ಅರ್ಕಾವತ್ತೇ. ಯಾರಿಗೆ ಗೊತ್ತಾಗಬೇಕು? ಅಲ್ಲಿಂದ ಇಲ್ಲಿಯವರೆಗೆ ನಾನು ಹೊಡೆದ ಧರ್ಮ, ಕರ್ಮ, ಕರ್ನಾಟಕ, ಸ್ವರ್ಗಸ್ಥ, ಎಲ್ಲಕ್ಕೂ ಒಂಬತ್ತೇ ಆಧಾರ. ಹಲಸೂರಿನ ಸುತ್ತಮುತ್ತ ನನ್ನ ಕರೆಯೋಲೆ ಹಂಚಿ ಮದುವೆಯಾದವರಿಗೆಲ್ಲ ಸಿಕ್ಕಿದ್ದು 'ಆಶೀವಾ೯ದ'. ಅವರು ಚೆನ್ನಾಗಿಯೇ ಇದ್ದಾರೆ. ಪಕ್ಕದ ಬೀದಿಯ ಡಿಟಿಪಿಯವನು ಬೆಂಗಳೂರಿನ ಅನುಸ್ವಾರಕ್ಕೆ ಸೊನ್ನೆಯನ್ನು ಹಾಕುತ್ತಾನೆ ಎಂದು ತಿಳಿದಾಗ, ಇಂಥ ಅಡ್ಡದಾರಿ ಹಿಡಿಯುವವರಿಗೆ ಕಸುಬಿನ ನಿಯತ್ತೇ ಇಲ್ಲ ಎಂದು ಇಕ್ಬಾಲ್ ಭಾಯ್ ಮುಂದೆ ಅರ್ಧ ಗಂಟೆ ಭಾಷಣ ಮಾಡಿದವನು ನಾನು.

ಈಗ ಅಕ್ಕನ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅಕ್ಕನಿಗೆ ಎಪ್ಪತ್ತೆರಡು. ಕಣ್ಣಿನೊಳಗಿನ ಒತ್ತಡದ ಕಾಯಿಲೆಯಿಂದ ಕೆಲವು ವರ್ಷಗಳ ಹಿಂದೆ ದೃಷ್ಟಿ ಪೂರಾ ಹೋಯಿತು. ಮಗ, ಸೊಸೆ, ಮೊಮ್ಮಗಳು ನಿತ್ಯ ಎಲ್ಲರೂ ಜೊತೆಗಿದ್ದಾರೆ, ಮನೆ ಗಿಜಿಗುಡುತ್ತದೆ. ನಮ್ಮ ಹಳ್ಳಿಯ ಹೊಲಗಳೆಲ್ಲ ಈಗ ಅಪಾರ್ಟ್‌ಮೆಂಟುಗಳು, ಅವಕ್ಕೆ ಸಮುದ್ರ, ಸ್ವರ್ಗ, ಸ್ಪೇನು ಮುಂತಾದವುಗಳ ಹೆಸರು. ಆದರೆ ಯಾವ ಅಪಾರ್ಟ್‌ಮೆಂಟಿನ ಕೆಳಗೆ ಯಾವ ಹೊಲವಿತ್ತು, ಅದಕ್ಕೆ ಆ ಹೆಸರು ಯಾಕೆ ಬಂತು, ಅಲ್ಲಿ ಯಾರು ಯಾರ ಜೊತೆ ಜಗಳವಾಡಿದರು, ಎಲ್ಲವೂ ಗೊತ್ತಿರುವ ಒಂದೇ ಜೀವ ನಮ್ಮ ಅಕ್ಕ. ಕರ್ಣನ ತಿಟ್ಟು, ತೂಬಿನ ಗದ್ದೆ, ದರ್ಗಾ ಮುಂದಲ ಹೊಲ, ಮೂರ್ತಮ್ಮನ ಕುಂಟೆ. ಅವಳು ಫೋನಿನಲ್ಲಿ ಹೇಳುವುದು, ನಾನು ಅಂಗಡಿಯಲ್ಲಿ ಕೂತು ಹೊಡೆಯುವುದು. ಹೀಗೆ ಎಂಟು ತಿಂಗಳು ಕಳೆದು ಅರವತ್ತು ಪುಟದ ಒಂದು ಪುಸ್ತಕ ತಯಾರಾಯಿತು. ಅಚ್ಚಿಗೆ ಹಾಕುವುದೊಂದೇ ಬಾಕಿ.

ಅಕ್ಕ ಒಂದು ಷರತ್ತು ಹಾಕಿದಳು. ಅಚ್ಚಾಗುವ ಮೊದಲು ಪುಸ್ತಕವನ್ನು ತಾನು ಓದಬೇಕು. ನಿತ್ಯ ಓದಿ ಹೇಳುತ್ತೇನೆ ಎಂದು ಕೂತಳು. ಮೊದಲನೆಯ ಪುಟದಲ್ಲೇ "ತೂಬು ಅಂದ್ರೇನಜ್ಜಿ" ಎಂದು ನಿಲ್ಲಿಸಿದಳಂತೆ, ಎರಡನೆಯ ಪುಟದಲ್ಲಿ ನಾಲ್ಕು ಸಾಲು ಹಾರಿಸಿದಳಂತೆ. ಅಕ್ಕ ಕೈಯೆತ್ತಿ ತಡೆದಳು. "ನೀನು ಓದಿದ್ರೆ ಅದು ನಿನ್ನ ಪುಸ್ತಕ ಆಯ್ತದೆ. ನಾನೇ ಓದ್ಬೇಕು." ಕಣ್ಣು ಹೋದ ಮೇಲೆ ಅವಳು ಫೋನಿಗೆ ಓದಲು ಹಚ್ಚಿ, ಕಿವಿಗೆ ಒತ್ತಿಕೊಂಡು ದಿನಪತ್ರಿಕೆಯನ್ನು ಮುಗಿಸುತ್ತಾಳೆ. ಅದನ್ನವಳು ಕೇಳುವುದು ಎನ್ನುವುದಿಲ್ಲ. "ಓದ್ತಾ ಇವ್ನಿ, ಆಮ್ಯಾಲೆ ಮಾತಾಡು" ಎಂದು ಗದರುತ್ತಾಳೆ. ಹಟಕ್ಕೆ ಕಾರಣವೂ ಇತ್ತು. ಹೆಸರುಗಳು ಸರಿಯಾಗಿವೆಯೇ ಎಂದು ನೋಡಬಲ್ಲವಳು ಅವಳೊಬ್ಬಳೇ. ತಪ್ಪು ಹೆಸರು ಅಚ್ಚಾದರೆ ಇನ್ನು ಮೇಲೆ ಅದೇ ನಿಜವಾಗುತ್ತದೆ, ತಿದ್ದುವುದಕ್ಕೆ ಇನ್ಯಾರೂ ಇರುವುದಿಲ್ಲ.

ಸರಿ, ಕಡತವನ್ನು ಅವಳ ಫೋನಿಗೆ ಕಳಿಸಿದೆ. ಹತ್ತಿರ ಐವತ್ತು ವರ್ಷದ ಅನುಭವ, ಮೂರು ಸಲ ನೋಡಿದ ಕರಡು, ಒಂದು ಅಕ್ಷರ ತಪ್ಪಿಲ್ಲ. ಅವಳ ಮೆಚ್ಚುಗೆಯನ್ನು ಎದುರೆದುರೇ ಸ್ವೀಕರಿಸೋಣವೆಂದು ಭಾನುವಾರ ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೃಷ್ಣರಾಜಪುರದಲ್ಲಿ ಇಳಿದು, ತೂಗುಸೇತುವೆಯ ಗದ್ದಲ ದಾಟಿ ಆಟೋದಲ್ಲಿ ಅವಳ ಮನೆಗೆ ಹೋದೆ.

ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಗಂಭೀರವಾಗಿತ್ತು. "ಬಾ ಮುನಿ. ನನ್ನ ಹೆಸ್ರು ಏನು ಬರ್ದಿದ್ದೀಯ, ನೀನೇ ಕೇಳು" ಎಂದು ಫೋನನ್ನು ಮುಂದೆ ಹಿಡಿದಳು. ಫೋನಿನೊಳಗಿನ ಹೆಂಗಸು ಶಾಂತವಾಗಿ, ಸ್ಪಷ್ಟವಾಗಿ ಓದಿದಳು:

"ಹೇಳಿದವರು, ಪಾವ ಒಂಬತ್ತು ತಿ."

ನಿತ್ಯ ಅಡುಗೆಮನೆಗೆ ಓಡಿಹೋದಳು. ಅಲ್ಲಿಂದ ನಗು ಕೇಳಿಸಿತು. ಫೋನು ನಿಲ್ಲಲಿಲ್ಲ. ಕಣ ಒಂಬತ್ತು ನ ತಿಟ್ಟು. ಮೂತ ಒಂಬತ್ತು ಮ್ಮನ ಕುಂಟೆ. ದಗಾ ಒಂಬತ್ತು ಮುಂದಲ ಹೊಲ. ನನ್ನ ಮುನ್ನುಡಿಯಲ್ಲಿ ಅಕ್ಕ ನನಗೆ ಅರ್ಕಾವತ್ತು ಕಲಿಸಿದ್ದನ್ನು ಬಹಳ ಭಾವುಕನಾಗಿ ಬರೆದಿದ್ದೆ. ಫೋನು ಅದನ್ನು ಅಷ್ಟೇ ಭಾವುಕವಾಗಿ 'ಅಕಾ ಒಂಬತ್ತು ವತ್ತು' ಎಂದು ಓದಿತು. ನಾನು ಕೂತಲ್ಲೇ ಕುಗ್ಗಿಹೋದೆ.

"ಫೋನು ಕೆಟ್ಟಿದೆ ಅಕ್ಕ" ಎಂದೆ. ಎಂಥ ಕಸುಬುದಾರನೂ ಮೊದಲು ಹೇಳುವ ಮಾತು ಅದು.

"ಪೇಪರ್ ಸರಿಯಾಗೇ ಓದ್ತದಲ್ಲ" ಎಂದಳು ಅಕ್ಕ.

ನಿತ್ಯ ಕಣ್ಣೊರೆಸಿಕೊಂಡು ಬಂದು ಕಡತವನ್ನು ತೆರೆದು, ಹುಡುಕುವ ಕಡೆ ಪಾರ್ವತಿ ಎಂದು ಬರೆದಳು. ಪುಟ ತುಂಬ ಪಾರ್ವತಿ ಎಂದು ನನ್ನ ಕಣ್ಣಿಗೆ ಢಾಳಾಗಿ ಕಾಣಿಸುತ್ತಿದೆ. ಫೋನು ಮಾತ್ರ ಅಂಥ ಹೆಸರೇ ಇಲ್ಲ ಎಂದಿತು. "ತಾತ, ನೀವು ಬರ್ದಿರೋದು ಒಂಬತ್ತು" ಎಂದಳು ನಿತ್ಯ. ಅಕ್ಕ ನಗಲಿಲ್ಲ. "ಪಾರೋತಿ ಅಂತ ಕರೆದ್ರೂ ಸಹಿಸ್ಬೋದಿತ್ತು ಕಣೋ" ಎಂದಳು. ಆ ಮಾತು ನನಗೆ ನಾಟಿತು. ಕೊಕ್ಕೆಗಾಗಿ ಊರವರೊಂದಿಗೆಲ್ಲ ಹೋರಾಡಿ ಗೆದ್ದವಳ ಹೆಸರಿನಿಂದ ಕೊಕ್ಕೆಯನ್ನು ಕದ್ದವನು ಅವಳ ಕೈಯಲ್ಲೇ ಅಕ್ಷರ ಕಲಿತ ತಮ್ಮ.

ನಿತ್ಯ ಬಿ.ಕಾಂ. ಓದುತ್ತಿರುವ ಹುಡುಗಿ, ಲೆಕ್ಕದಲ್ಲಿ ಚುರುಕು. "ಇದೇನ್ ಮಹಾ, ಎಲ್ಲಾ ಒಂಬತ್ತನ್ನೂ ಒಂದೇ ಸಲಕ್ಕೆ ರ್ ಮಾಡಿಬಿಡ್ತೀನಿ" ಎಂದು ಒಂದು ಗುಂಡಿ ಒತ್ತಿದಳು. ಮತ್ತೆ ಓದಿಸಿದೆವು. ಪಾವರ್ತಿ. ಕಣರ್ನ ತಿಟ್ಟು. ಕನಾರ್ಟಕ. ಬಾಯಿಗೆ ಮೊದಲು ಬರಬೇಕಾದದ್ದು ಈಗ ಬಾಯಿಗೂ ಕೊನೆಗೆ ಬಂದಿತ್ತು. ಅದಕ್ಕಿಂತ ದೊಡ್ಡ ಅನಾಹುತ ಸರ್ವೆ ನಂಬರುಗಳದ್ದು. ಪ್ರತಿ ಹೊಲದ ಮುಂದೆಯೂ ನಾನು ಕನ್ನಡದ ಅಂಕಿಯಲ್ಲೇ ಸರ್ವೆ ನಂಬರು ಹಾಕಿದ್ದೆ. 'ಸವೆ೯ ನಂಬರ್ ೧೯' ಎಂಬಲ್ಲಿ ಒಂದು ಸುಳ್ಳು ಒಂಬತ್ತು, ಒಂದು ನಿಜವಾದ ಒಂಬತ್ತು. ನಿತ್ಯಳ ಗುಂಡಿ ಆ ಭೇದ ತಿಳಿಯದೆ ಎರಡನ್ನೂ ಒಟ್ಟಿಗೆ ಮುಗಿಸಿತ್ತು. ಫೋನಿನ ಹೆಂಗಸು "ನಂಬರ್ ಒಂದು ರ್" ಎಂದು ತೊದಲಿದಳು. ಹಿಂದಿನ ಕಡತ ನನ್ನ ಹತ್ತಿರ ಇತ್ತು, ಪುಣ್ಯ.

"ನನ್ನ ಫ್ರೆಂಡ್ ಒಬ್ಬಳು ಇದಕ್ಕೆಲ್ಲ ಕೋಡ್ ಬರೀತಾಳೆ, ಕೇಳ್ಲಾ ತಾತ?" ಎಂದಳು ನಿತ್ಯ. ಬೇಡ ಎಂದೆ. ಒಂದೊಂದು ಒಂಬತ್ತನ್ನೂ ಕೈಯಾರೆ ನೆಟ್ಟವನು ನಾನು, ಕಿತ್ತು ಹಾಕುವವನೂ ನಾನೇ. ಇದನ್ನು ಪಶ್ಚಾತ್ತಾಪ ಎಂದರೂ ಸರಿ, ಮೊಂಡುತನ ಎಂದರೂ ಸರಿ.

ಮರುದಿನದಿಂದ ಅಂಗಡಿಯಲ್ಲಿ ಅದೇ ಕೆಲಸ. ಒಂಬತ್ತನ್ನು ಹುಡುಕುವುದು, ನಿಜದ್ದೋ ಸುಳ್ಳೋ ನೋಡುವುದು, ಸುಳ್ಳಾದರೆ ಅಳಿಸಿ, ಒಂದು ಅಕ್ಷರ ಹಿಂದೆ ಸರಿದು, ಅಲ್ಲಿ ರಕಾರವನ್ನು ಇಡುವುದು. ಇಟ್ಟ ತಕ್ಷಣ ಫಾಂಟು ಅದನ್ನು ಎತ್ತಿಕೊಂಡು ಹೋಗಿ, ನಾನು ಈಗ ತಾನೇ ಅಳಿಸಿದ ಜಾಗದಲ್ಲಿ ಅದೇ ಕೊಕ್ಕೆಯನ್ನು ತೂಗುಹಾಕುತ್ತಿತ್ತು. ತಿದ್ದುವ ಮೊದಲೂ ಪಾರ್ವತಿ, ತಿದ್ದಿದ ಮೇಲೂ ಪಾರ್ವತಿ. ನನ್ನ ಜೀವಮಾನದಲ್ಲಿ ಇಷ್ಟು ಕೆಲಸ ಮಾಡಿ ಇಷ್ಟು ಕಡಿಮೆ ಕಾಣಿಸಿದ್ದು ಬೇರೊಂದಿಲ್ಲ. ಮೊದಲೆರಡು ದಿನ ಇದರಿಂದ ರೇಗಿಹೋಯಿತು. ಮೂರನೆಯ ದಿನ ಯಾಕೋ ಆ ಫಾಂಟಿನ ಮೇಲೆ ಗೌರವ ಬಂತು. ನಾನು ನಾಲಿಗೆಯ ಕ್ರಮದಲ್ಲಿ ಹೇಳಿದರೆ ಅದು ಕಣ್ಣಿನ ಕ್ರಮದಲ್ಲಿ ಬರೆಯುತ್ತದೆ; ಬಾಯಿಗೆ ಮೊದಲು, ಕೈಗೆ ಕೊನೆ. ನಮ್ಮಕ್ಕ ಸ್ಲೇಟಿನ ಮೇಲೆ ಹೇಳಿಕೊಟ್ಟ ಪಾಠವನ್ನೇ ಯಾರೋ ಕೂತು ಅದಕ್ಕೂ ಹೇಳಿಕೊಟ್ಟಿದ್ದಾರೆ. ಒತ್ತಿನ ಒಟ್ಟು ಕುಟುಂಬದ ಎಲ್ಲ ನಂಟನ್ನೂ, ಯಾರು ಯಾರ ಕಾಲ ಕೆಳಗೆ, ಯಾರು ಯಾರ ಬೆನ್ನ ಹಿಂದೆ ಎನ್ನುವುದನ್ನೂ ಕಲಿತುಕೊಂಡ ಯಂತ್ರ ಅದು. ಆ ಗೋಡೆಯಷ್ಟು ಖಾನೆಗಳು ಎಲ್ಲೂ ಹೋಗಿಲ್ಲ, ಅಂಗಿಯ ಜೇಬಿನೊಳಗೆ ಬಂದು ಕೂತಿವೆ. ಇದನ್ನು ಇಂಗ್ಲಿಷಿನ ಫಾಂಟಿಗೆ ಕಲಿಸಬೇಕಾಗಿಯೇ ಇಲ್ಲ ಎಂದು ನೆನೆದಾಗ, ಹದಿನೇಳನೆಯ ವಯಸ್ಸಿನ ಜಂಬ ಮತ್ತೆ ಎದೆಗೆ ಬಂತು.

ಸರಿಯಾಯಿತೋ ಇಲ್ಲವೋ ತಿಳಿಯಲು ನನ್ನ ಹೆಸರಾಂತ ಕಣ್ಣು ನಾಲಾಯಕ್ಕು. ಆದ್ದರಿಂದ ಪ್ರತಿ ಪುಟವನ್ನೂ ಫೋನಿಗೆ ಓದಲು ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತ ಕೂತೆ. ಮೊದಲ ದಿನ ಇಕ್ಬಾಲ್ ಭಾಯ್ ಬಾಗಿಲಲ್ಲಿ ನಿಂತು, "ಕ್ಯಾ ಸಾಬ್, ಮಟಮಟ ಮಧ್ಯಾಹ್ನ ಅಂಗಡೀಲಿ ನಿದ್ದೆ?" ಎಂದರು. ಓದುತ್ತಿದ್ದೇನೆ ಎಂದೆ. ವಿಷಯ ತಿಳಿದ ಮೇಲೆ ಅವರೂ ಸ್ಟೂಲು ಎಳೆದುಕೊಂಡು ಕೂತರು. ದರ್ಗಾದ ಹೊಲ ಬಂದಾಗ ಇನ್ನೂ ತಿದ್ದಿರಲಿಲ್ಲ, ಫೋನು "ದಗಾ ಒಂಬತ್ತು" ಎಂದಿತು. "ಅರೇ, ದರ್ಗಾನ ದಗಾ ಮಾಡ್ಬಿಟ್ರಲ್ಲ ಸಾಬ್! ಮೋಸ ಆಗ್ಹೋಯ್ತು, ಅದೂ ಒಂಬತ್ತು ಸಲ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಅದನ್ನು ಅವರ ಎದುರಿಗೇ ತಿದ್ದಿ, ಮತ್ತೆ ಕೇಳಿಸಿದೆ. ಕಿವಿಗೊಟ್ಟು ಕೇಳಿ, ತಲೆದೂಗಿದರು.

ಕಣ್ಣು ಮುಚ್ಚಿ ಓದಿದಾಗ ಇನ್ನೊಂದು ಗೊತ್ತಾಯಿತು. ಕಣ್ಣಿನಿಂದ ಮೂರು ಸಲ ಓದಿದ್ದರೂ ಆ ಹೊಲಗಳು ನನಗೆ ಬರೀ ಹೆಸರಾಗಿದ್ದವು. ಈಗ ಅಕ್ಕನ ಮಾತು ಬೇರೆ ಯಾರದೋ ದನಿಯಲ್ಲಿ ಕಿವಿಗೆ ಬೀಳುವಾಗ, ತೂಬಿನ ಗದ್ದೆಯ ಕೆಸರು, ಕುಂಟೆಯ ನೀರಿನ ತಂಪು, ಎಮ್ಮೆಯ ಬೆನ್ನಿನ ಸುಣ್ಣದ ಅಕ್ಷರ, ಎಲ್ಲವೂ ಕಂಡವು. ಒಂದೆರಡು ಕಡೆ ಕಣ್ಣೊರೆಸಿಕೊಂಡೆ. ಇಕ್ಬಾಲ್ ಭಾಯ್ ನೋಡಲಿಲ್ಲ, ಅಥವಾ ನೋಡದ ಹಾಗೆ ಹಗ್ಗದ ಮೇಲಿನ ಕರೆಯೋಲೆಗಳನ್ನು ಸರಿಮಾಡಿದರು.

ಎರಡು ವಾರದ ಮೇಲೆ ಮತ್ತೆ ಕೃಷ್ಣರಾಜಪುರಕ್ಕೆ ಹೋದೆ. ಈ ಸಲ ಜಂಬವನ್ನು ಹಲಸೂರಿನಲ್ಲೇ ಬಿಟ್ಟು ಹೋಗಿದ್ದೆ. ಅಕ್ಕ ಅದೇ ಗೋಡೆಗೆ ಒರಗಿ ಕೂತು, ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಅಡುಗೆಮನೆಯಿಂದ ಒಗ್ಗರಣೆಯ ಘಾಟು, ನಿತ್ಯ ಹೊಸಿಲಲ್ಲಿ. ಫೋನಿನ ಹೆಂಗಸು ಓದಿದಳು:

"ಹೇಳಿದವರು, ಪಾರ್ವತಿ."

ಅಕ್ಕ ಅದನ್ನು ನಿಲ್ಲಿಸಿ, ಹಿಂದಕ್ಕೆ ಒಯ್ದು, ಇನ್ನೊಮ್ಮೆ ಕೇಳಿದಳು. ಮತ್ತೂ ಒಮ್ಮೆ ಕೇಳಿದಳು. ಅವಳ ತೋರುಬೆರಳು ಸೀರೆಯ ಮೇಲೆ ತನ್ನಷ್ಟಕ್ಕೆ ಒಂದು ಕೊಕ್ಕೆಯನ್ನು ಬರೆಯಿತು. ಇದ್ದಕ್ಕಿದ್ದ ಹಾಗೆ ಅವಳು ನಗಲು ಶುರುಮಾಡಿದಳು.

"ಅಲ್ಲ ಕಣೋ ಮುನಿ, ತಪ್ಪು ನಿಂದಲ್ಲ. ನಿನಗೆ ಈ ಕೊಕ್ಕೆ ಬರ್ತಾನೇ ಇರ್ಲಿಲ್ಲ. ಸ್ಲೇಟು ಬಿಸಾಕಿ ಅಳ್ತಿದ್ದೆ. ನನಗೂ ಆಟಕ್ಕೆ ಹೋಗ್ಬೇಕಿತ್ತು. ಒಂಬತ್ತು ಬರಿಯಕ್ಕೆ ಬರ್ತದಲ್ಲ, ಒಂಬತ್ತೇ ಹಾಕ್ಬಿಡು, ಯಾರಿಗೂ ಗೊತ್ತಾಗಾಕಿಲ್ಲ ಅಂತ ಹೇಳ್ಕೊಟ್ಟೋಳೇ ನಾನು."

ನನಗೆ ಅದರ ನೆನಪೇ ಇರಲಿಲ್ಲ. ಬೆರಳಿಗೆ ಇತ್ತೆಂದು ಕಾಣುತ್ತದೆ. ಅರವತ್ತು ವರ್ಷದ ಹಿಂದೆ ನಾವಿಬ್ಬರೂ ಕೂಡಿ ಮಾಡಿದ ಕಳ್ಳತನ ಈಗ ಅವಳ ಕಿವಿಗೇ ಸಿಕ್ಕಿಬಿದ್ದಿತ್ತು. ಮೂವರೂ ನಕ್ಕೆವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಸುಮ್ಕಿರಿ, ನಾನು ಓದ್ಬೇಕು" ಎಂದು ಫೋನನ್ನು ಮುಂದುವರಿಸಿದಳು.

ಮಧ್ಯಾಹ್ನವೆಲ್ಲ ಓದಿದಳು. ಎರಡು ಹೆಸರು ತಿದ್ದಿಸಿದಳು, ಒಂದು ಜಗಳವನ್ನು ತೆಗೆಸಿದಳು. ಕೊನೆಯ ಪುಟದಲ್ಲಿ ನಮ್ಮ ಸ್ವಂತ ಹೊಲ ಬಂತು. ಉಳಿದದ್ದೆಲ್ಲ ಹೋದರೂ ಅದರ ಒಂದು ತುಂಡು ಉಳಿದಿದೆ, ಅಕ್ಕನ ಮನೆ ಕಟ್ಟಿರುವುದು ಅದರಲ್ಲೇ. "ನಮ್ಮ ಹುಣಸೆ ಹೊಲ. ಸರ್ವೆ ನಂಬರ್ ಒಂಬತ್ತು" ಎಂದು ಫೋನು ಓದಿತು. ಅಕ್ಕನ ಬೆರಳು ತಟಕ್ಕನೆ ಅದನ್ನು ನಿಲ್ಲಿಸಿತು. ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದಳು:

"ಇದು ನಿಜವಾದ ಒಂಬತ್ತೋ, ನಿಂದೋ?"

"ನಿಜವಾದ್ದೇ ಅಕ್ಕ" ಎಂದೆ. "ನೀನು ಕೂತಿರೋದೇ ಅದ್ರ ಮೇಲೆ."